ಮಗುವನ್ನು ಯಾರು ನೋಡ್ಕೊತಾರೆ

ಕೌಂಟಿ ಕಚೇರಿಯ ಡಯಾನ್ ಬಂದದ್ದು ಸಂಜೆ, ಟೆಸ್ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಇನ್ನೂ ಷೂ ಬಿಚ್ಚುತ್ತಿದ್ದಾಗ. ತಮ್ಮ ವಾಬನ್ ಕೌಂಟಿ ಎಂಬ ಜಿಲ್ಲೆ ಮಕ್ಕಳಿರುವ ಸಂಸಾರಗಳಿಗೆ ಎಷ್ಟು ಅನುಕೂಲ, ಎಷ್ಟು ದುಬಾರಿ ಎಂದು ತಿಳಿಯಲು ಆ ಬೇಸಿಗೆಯಲ್ಲಿ ಮನೆಮನೆಗೂ ಹೋಗಿ ಕೇಳುತ್ತಿದ್ದರು. ಟೆಸ್ ಮೇಜಿನ ಮೇಲೆ ಹರಡಿದ್ದ ಬಣ್ಣದ ಪೆನ್ಸಿಲ್‌ಗಳನ್ನು ಒಂದು ಕಡೆಗೆ ತಳ್ಳಿ ಡಯಾನ್‌ಗೆ ಕುರ್ಚಿ ಕೊಟ್ಟಳು. ಟೆಸ್‌ಳ ತಾಯಿ ಬರ್ನಡೀನ್ ಸಿಂಕಿನ ಮುಂದೆ ನಿಂತು ಆಲೂಗೆಡ್ಡೆ ಸುಲಿಯುತ್ತಿದ್ದಳು. ಎರಡು ವರ್ಷದ ಗಸ್ ಅಜ್ಜಿಯ ಕಾಲನ್ನು ಕಂಬ ಹಿಡಿದಂತೆ ಹಿಡಿದುಕೊಂಡು ನಿಂತಿದ್ದ.

ಡಯಾನ್ ಒಳ್ಳೆಯ ಹೆಂಗಸು, ಅವಸರವಿಲ್ಲದೆ ಕೇಳುತ್ತಿದ್ದಳು. ಮನೆ ಸ್ವಂತದ್ದೇ? ಶಾಲೆ ಹೇಗಿದೆ? ಚಳಿಗಾಲದಲ್ಲಿ ರಸ್ತೆಯ ಹಿಮ ಬೇಗ ತೆಗೆಯುತ್ತಾರೆಯೇ? ಟೆಸ್ ಎಲ್ಲದಕ್ಕೂ ಹೇಳುತ್ತ ಹೋದಳು.

"ಮಗುವನ್ನ ನೋಡ್ಕೊಳ್ಳೋದಕ್ಕೆ ತಿಂಗಳಿಗೆ ಎಷ್ಟಾಗುತ್ತೆ?"

"ಏನೂ ಇಲ್ಲ. ಅಮ್ಮ ಇದಾರಲ್ಲ."

"ಹಾಗಾದ್ರೆ ಸೊನ್ನೆ ಅಂತ ಹಾಕ್ಲಾ?"

"ಹೂಂ, ಸೊನ್ನೆ."

"ಪುಣ್ಯವಂತರು ಬಿಡಿ ನೀವು. ಈ ರಸ್ತೇಲೇ ಎಷ್ಟೋ ಜನ ಇದೇ ಹೇಳಿದ್ರು," ಎಂದು ಡಯಾನ್ ನಕ್ಕಳು.

ಬರ್ನಡೀನ್ ಕೈಯಲ್ಲಿದ್ದ ಆಲೂಗೆಡ್ಡೆಯನ್ನು ನೋಡಿದಳು. ಅದನ್ನು ಎರಡನೇ ಸಲ ಸುಲಿಯುತ್ತಿದ್ದಳು. ಡಯಾನ್ ಹೋಗುವವರೆಗೂ ಅವಳು ತಿರುಗಿ ನೋಡಲಿಲ್ಲ. ಅಂದು ಊಟ ಮುಗಿದ ಮೇಲೂ ಕುರ್ಚಿಯಿಂದ ಏಳಲಿಲ್ಲ. ಸೊಂಟ ನೋಯುತ್ತಿರಬೇಕು ಎಂದುಕೊಂಡು ಅಳಿಯ ವೇಡ್ ತಾನೇ ಎದ್ದು ತಟ್ಟೆಗಳನ್ನು ತೆಗೆದ.

ಬರ್ನಡೀನ್ ಜಾಕ್ಸನ್ ಎಂಬ ಊರಿನವಳು. ಗಂಡ ಹೋದ ಮೇಲೆ ಅಲ್ಲಿನ ಮನೆಯನ್ನು ಮಾರಿದಳು. ಗಸ್ ಆಗ ಟೆಸ್‌ಳ ಹೊಟ್ಟೆಯಲ್ಲಿದ್ದ. ಅವಳೂ ವೇಡನೂ ಬಾಡಿಗೆ ಮನೆಯಲ್ಲಿದ್ದರು. ಒಡೆಯ ಅದನ್ನು ಬೇಸಿಗೆ ಪ್ರವಾಸಿಗರಿಗೆ ಕೊಡುತ್ತೇನೆಂದು ಬಿಡಿಸಿದ್ದ. ಊರಿನ ದೊಡ್ಡ ಕೆರೆಯ ಸುತ್ತಮುತ್ತ ಸಿಕ್ಕ ಮನೆಯನ್ನೆಲ್ಲ ಶಿಕಾಗೋದವರು ಕೊಳ್ಳುತ್ತಿದ್ದ ಕಾಲ ಅದು. ಬರ್ನಡೀನ್ ತನ್ನ ಮನೆಯ ದುಡ್ಡಿನಲ್ಲಿ ಬಹುಪಾಲನ್ನು ಮಗಳ ಕೈಗೆ ಕೊಟ್ಟಳು. ಉಳಿದದ್ದಕ್ಕೆ ಬ್ಯಾಂಕಿನ ಸಾಲ ಮಾಡಿ ಈ ಮನೆ ಕೊಂಡರು. ಮಗು ಸ್ವಲ್ಪ ದೊಡ್ಡದಾಗಿ ಚರ್ಚಿನ ಶಿಶುವಿಹಾರಕ್ಕೆ ಹೋಗುವವರೆಗೆ ಇದ್ದು ನೋಡಿಕೊಳ್ಳುತ್ತೇನೆ ಎಂದಳು. ಹನ್ನೊಂದು ವರ್ಷದ ಮೊಮ್ಮಗಳು ಹ್ಯಾಟಿಯ ಕೋಣೆಯಲ್ಲಿ ಅವಳಿಗೊಂದು ಮಂಚ ಹಾಕಿದರು. ಶಿಶುವಿಹಾರದವರಿಗೆ ಕೆಲಸಕ್ಕೆ ಜನ ಸಿಗಲಿಲ್ಲ. ಕಳೆದ ವಸಂತದಲ್ಲಿ ಅದಕ್ಕೆ ಬೀಗ ಬಿತ್ತು.

ಟೆಸ್ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ವೇಡ್ ದೋಣಿ ರಿಪೇರಿಯವನು. ಇಬ್ಬರೂ ಕತ್ತಲಿರುವಾಗಲೇ ಹೊರಡುತ್ತಿದ್ದರು. ಹ್ಯಾಟಿಯ ಬುತ್ತಿ, ಬಸ್ಸು, ಗಸ್‌ನ ಸ್ನಾನ, ಬಟ್ಟೆ, ಅಡಿಗೆ, ಮತ್ತೆ ಬಸ್ಸು. ಬರ್ನಡೀನ್ ಮಾಡುತ್ತಿದ್ದಳು, ಯಾರೂ ಮಾಡೆಂದು ಹೇಳಿರಲಿಲ್ಲ. ಮಾಡದಿದ್ದರೆ ಏನಾಗುತ್ತದೆ ಎಂದು ಯಾರೂ ಕೇಳಿರಲೂ ಇಲ್ಲ.

ಭಾನುವಾರ ಮಧ್ಯಾಹ್ನ ಎಲೆಕೋಸು, ಹಂದಿಮಾಂಸ ಬಡಿಸಿ, ತಾನೂ ಕುಳಿತು ಅವಳು ಹೇಳಿದಳು:

"ಮಿಲ್ಲಿ ಫೋನ್ ಮಾಡಿದ್ಲು. ಅವಳ ಮನೆಯ ಕೆಳಗಿನ ಭಾಗ ಅಕ್ಟೋಬರಿಗೆ ಖಾಲಿ ಆಗುತ್ತಂತೆ. ಬರ್ತೀನಿ ಅಂದಿದೀನಿ."

ಮಿಲ್ಲಿ ಜಾಕ್ಸನ್ನಿನಲ್ಲಿದ್ದ ಬರ್ನಡೀನ್‌ಳ ತಂಗಿ.

"ಎಷ್ಟು ದಿನಕ್ಕೆ?" ವೇಡ್ ಕೇಳಿದ.

"ದಿನಕ್ಕಲ್ಲ. ಇರೋದಕ್ಕೆ."

ಟೆಸ್ ಫೋರ್ಕನ್ನು ಕೆಳಗಿಟ್ಟಳು. "ಅಮ್ಮಾ, ಇದನ್ನ ಊಟದ ಮಧ್ಯೆ ಹೇಳೋದಾ?"

"ಇನ್ಯಾವಾಗ ಹೇಳ್ಲಿ? ನೀವಿಬ್ರೂ ಒಟ್ಟಿಗೆ ಕೂರೋದು ಇದೊಂದೇ ಹೊತ್ತು."

"ಗಸ್‌ನ ಯಾರು ನೋಡ್ಕೊತಾರೆ?"

"ಅವನಿಗೆ ಅಪ್ಪ ಅಮ್ಮ ಇದಾರೆ ಅಂತ ಕೇಳಿದೀನಿ."

"ಶಿಶುವಿಹಾರದವರೆಗೂ ಇರ್ತೀನಿ ಅಂದಿದ್ದೆ ನೀನು!"

"ಅದು ಮುಚ್ಚಿಹೋಯ್ತಲ್ಲೇ. ಇನ್ನೊಂದು ತೆರೆಯೋವರೆಗೂ ಕಾಯ್ತಾ ಕೂತ್ರೆ ಗಸ್‌ಗೆ ಮೀಸೆ ಬರುತ್ತೆ."

ಹ್ಯಾಟಿ ಕಿಸಕ್ಕೆಂದಳು. ಟೆಸ್ ಅವಳ ಕಡೆ ಕಣ್ಣು ಬಿಟ್ಟಳು.

"ಏನಾಯ್ತು ಈಗ, ಇದ್ದಕ್ಕಿದ್ದಂತೆ? ನಾನೇನಾದ್ರೂ ಅಂದ್ನಾ?"

"ಸೊನ್ನೆ ಅಂದೆ."

"ಏನು?"

"ಆ ಹೆಂಗಸಿಗೆ. ಸೊನ್ನೆ ಅಂದೆ."

"ಅಯ್ಯೋ, ದುಡ್ಡೆಷ್ಟು ಕೊಡ್ತೀರಿ ಅಂತ ಅವಳು ಕೇಳಿದ್ದು. ಸುಳ್ಳೇನಿತ್ತು ಅದ್ರಲ್ಲಿ? ನಿನಗೆ ದುಡ್ಡು ಬೇಕಿದ್ರೆ ಬಾಯಿಬಿಟ್ಟು ಕೇಳ್ಬಹುದಿತ್ತು."

"ನನಗೆ ದುಡ್ಡು ಬೇಡ ಕಣೇ. ಬೆಳಿಗ್ಗೆ ಎದ್ದು ಯಾರ ಅಂಡೂ ತೊಳೀದೆ ಒಂದು ಲೋಟ ಕಾಫಿ ಕುಡೀಬೇಕು. ಅದೂ ಕೂತ್ಕೊಂಡು."

"ಅಜ್ಜಿ ಹೋದ್ರೆ ಕೋಣೆ ನಂದೊಬ್ಬಳದೇ ಆಗುತ್ತಾ?" ಹ್ಯಾಟಿ ಕೇಳಿದಳು.

ಗಸ್ ತನ್ನ ತಟ್ಟೆಯ ಎಲೆಕೋಸನ್ನು ಒಂದೊಂದೇ ಎಸಳು ನೆಲಕ್ಕೆ ಹಾಕತೊಡಗಿದ. ಬರ್ನಡೀನ್ ಬಗ್ಗಿ ಅದನ್ನು ಹೆಕ್ಕತೊಡಗಿದವಳು ನಡುವೆಯೇ ನೆಟ್ಟಗಾಗಿ ಕುಳಿತಳು. ಉಳಿದದ್ದನ್ನು ವೇಡ್ ಹೆಕ್ಕಿದ.

ಆಮೇಲಿನ ವಾರಗಳಲ್ಲಿ ಟೆಸ್ ಊಟದ ಬಿಡುವಿನಲ್ಲೆಲ್ಲ ಫೋನ್ ಹಿಡಿದು ಕುಳಿತಳು. ಪೇಟೆಯಲ್ಲಿದ್ದ ಒಂದೇ ಶಿಶುಪಾಲನಾ ಕೇಂದ್ರದಲ್ಲಿ ಹೆಸರು ಬರೆಸಿದ್ದಾಯಿತು. ಬಸುರಿಯಾಗಿದ್ದಾಗಲೇ ಬರೆಸಬೇಕಿತ್ತು ಎಂದರು. ಕೆರೆ ರಸ್ತೆಯಲ್ಲಿ ಮನೆಯಲ್ಲೇ ಆರು ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿದ್ದಳು. ಟೆಸ್ ಚೆರ್ರಿ ಹಣ್ಣಿನ ಬುಟ್ಟಿ ಹಿಡಿದುಕೊಂಡು ಹೋಗಿ ಬೇಡಿಕೊಂಡಳು. ಹೆಂಗಸು ಬುಟ್ಟಿ ತೆಗೆದುಕೊಂಡು, "ಏಳನೇದನ್ನ ಇಟ್ಕೊಂಡ್ರೆ ನನ್ನ ಲೈಸೆನ್ಸ್ ಹೋಗುತ್ತಮ್ಮ," ಎಂದಳು. ಪಕ್ಕದ ಕೌಂಟಿಯಲ್ಲಿ ಜಾಗವಿತ್ತು. ಅಲ್ಲಿಗೆ ಹೋಗಿಬರುವ ಹೊತ್ತು, ಅವರು ಕೇಳುವ ಫೀಸು ಎರಡನ್ನೂ ಸೇರಿಸಿದರೆ ಟೆಸ್ ದುಡಿಯುವುದೇ ಅದಕ್ಕಾಗಿ ಆಗುತ್ತಿತ್ತು.

"ಮನೆ ಮಾರಿಬಿಡೋಣ. ಒಳ್ಳೆ ಬೆಲೆ ಬರುತ್ತೆ," ಎಂದ ವೇಡ್ ಒಂದು ದಿನ, ಪಾತ್ರೆ ಒರೆಸುತ್ತ.

"ಮಾರಿ?"

"ಬೇರೆ ಕಡೆ ಹೋಗೋಣ."

"ಯಾವ ಕಡೆ? ನಮ್ಮ ಮನೆಗೆ ಬೆಲೆ ಬಂದಿದ್ರೆ ಎಲ್ಲರ ಮನೆಗೂ ಬಂದಿದೆ. ಈಗಿನ ಬಡ್ಡೀಲಿ ಬ್ಯಾಂಕಿನವರು ನಮಗೆ ದೋಣಿ ಶೆಡ್ಡು ಕೊಡಿಸ್ತಾರೆ. ಅದ್ರಲ್ಲಿ ನೀನು ಮಲಗು."

"ಎಷ್ಟೋ ರಾತ್ರಿ ಮಲಗಿದೀನಿ."

"ತಮಾಷೆ ಸಾಕು ವೇಡ್."

"ತಮಾಷೆ ಅಲ್ಲ. ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ."

ವೇಡ್ ಅತ್ತೆಯ ಹತ್ತಿರವೂ ಬಂದ. ಬರ್ನಡೀನ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವನು ಬುಟ್ಟಿಯಿಂದ ಒಂದೊಂದೇ ಬಟ್ಟೆ ತೆಗೆದುಕೊಟ್ಟ.

"ಬರ್ನಡೀನ್, ನೀವು ಹೇಳೋದು ತಪ್ಪಲ್ಲ. ಆದ್ರೆ ಅಕ್ಟೋಬರಿನಲ್ಲಿ ದೋಣಿಗಳನ್ನೆಲ್ಲ ನೀರಿಂದ ಎತ್ತಬೇಕು. ನನಗೆ ಉಸಿರಾಡೋಕೂ ಪುರುಸೊತ್ತಿರಲ್ಲ. ಹಿಮ ಬೀಳೋವರೆಗೂ ಇರಿ."

"ಹಿಮ ಬಿದ್ಮೇಲೆ ರಸ್ತೆ ಸರಿಯಿಲ್ಲ, ಕರಗೋವರೆಗೂ ಇರಿ ಅಂತೀಯ."

"ಅನ್ನಬಹುದು," ಎಂದು ಅವನು ಒಪ್ಪಿಕೊಂಡ. ಅವನಲ್ಲಿ ಅವಳಿಗೆ ಇಷ್ಟವಾಗುತ್ತಿದ್ದದ್ದು ಅದೇ.

ಸೆಪ್ಟೆಂಬರಿನಲ್ಲಿ ಶಾಲೆಯ ಜಿಮ್ ಹಾಲಿನಲ್ಲಿ ಕೌಂಟಿಯವರು ಸಭೆ ಕರೆದರು. ಬೇಸಿಗೆಯಲ್ಲಿ ಕೇಳಿಕೊಂಡು ಹೋದದ್ದರ ಫಲಿತಾಂಶ ಹೇಳುತ್ತಾರೆಂದು ಟೆಸ್ ಹೊರಟಳು. ಏನಾದರೂ ದಾರಿ ಗೊತ್ತಾಗಬಹುದು ಎಂಬ ಆಸೆ. ಬರ್ನಡೀನ್ ತಾನೂ ಬರುತ್ತೇನೆಂದಳು. ಮಕ್ಕಳ ಹತ್ತಿರ ವೇಡ್ ಉಳಿದ.

ಜಿಮ್ ತುಂಬಿತ್ತು. ಒಂದು ಮೇಜಿನ ಮೇಲೆ ಕೌಂಟಿಯ ಹೆಸರು ಬರೆದ ದೊಡ್ಡ ಕೇಕು. ಕೌಂಟಿ ಮಂಡಳಿಯ ಅಧ್ಯಕ್ಷ ಮೈಕು ಹಿಡಿದು, ಸಂಸಾರಗಳಿಗೆ ಇಡೀ ರಾಜ್ಯದಲ್ಲೇ ನಮ್ಮದು ಮುಂಚೂಣಿಯ ಕೌಂಟಿ ಎಂದ. ಶಾಲೆ ಚೆನ್ನಾಗಿದೆ, ನೀರು ಶುದ್ಧ, ಕಳ್ಳತನ ಕಡಿಮೆ. ಮಕ್ಕಳನ್ನು ನೋಡಿಕೊಳ್ಳುವ ಖರ್ಚಂತೂ ಬೇರೆಲ್ಲ ಕಡೆಗಿಂತ ಅಗ್ಗ. ಎಷ್ಟೋ ಮನೆಗಳಿಗೆ ಒಂದು ಡಾಲರೂ ತಗುಲುವುದಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬರ್ನಡೀನ್ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದಳು. ಟೆಸ್ ಅವಳ ಕೋಟನ್ನು ಎಳೆದಳು.

"ಅಮ್ಮಾ, ಕೂತ್ಕೊ."

"ಒಂದು ಮಾತು," ಎಂದಳು ಬರ್ನಡೀನ್. ಗಟ್ಟಿ ದನಿ, ಮೈಕು ಬೇಕಾಗಲಿಲ್ಲ. "ದುಡ್ಡು ತಗುಲದ ಮನೆಗಳು ಅಂದ್ರಲ್ಲ. ಆ ಮನೆಗಳಲ್ಲಿ ಮಗು ನೋಡ್ಕೊತಿರೋರು ಇಲ್ಲಿ ಯಾರಾದ್ರೂ ಇದೀರಾ? ಇದ್ರೆ ದಯವಿಟ್ಟು ಎದ್ದು ನಿಂತ್ಕೊಳ್ಳಿ."

ಮೊದಲು ಯಾರೂ ಏಳಲಿಲ್ಲ. ಬಾಗಿಲ ಬಳಿ ಕೋಲು ಹಿಡಿದ ಒಬ್ಬ ಮುದುಕಿ ಎದ್ದಳು. ಆಮೇಲೆ ಶಾಲೆ ಬಸ್ಸು ಓಡಿಸಿ ನಿವೃತ್ತನಾದ ಮುದುಕ. ಆಮೇಲೆ ಹೋಟೆಲಿನ ಯೂನಿಫಾರ್ಮಿನಲ್ಲೇ ಬಂದಿದ್ದ ಒಬ್ಬ ಹೆಂಗಸು; ಅವಳು ಅಕ್ಕನ ಮಕ್ಕಳನ್ನು ನೋಡಿಕೊಂಡು ಸಂಜೆ ಕೆಲಸಕ್ಕೆ ಹೋಗುವವಳು. ಸಾಲು ಸಾಲಿನಲ್ಲಿ ಕುರ್ಚಿಗಳು ಕಿರ್ ಕಿರ್ ಎಂದವು. ಬಿಳಿತಲೆಗಳು, ಊದಿದ ಕಾಲುಗಳು, ಮಂಡಿಪಟ್ಟಿಗಳು. ಟೆಸ್ ಕೂತಲ್ಲಿಂದಲೇ ತಲೆಯೆತ್ತಿ ಸುತ್ತ ನೋಡಿದಳು. ಅವಳ ಮುಖ ಕೆಂಪಾಯಿತು.

ಅಧ್ಯಕ್ಷ ಕೈ ಚಾಚಿ ಅವರನ್ನೆಲ್ಲ ತೋರಿಸಿದ. "ನೋಡಿ! ಇದೇ ನಮ್ಮ ಕೌಂಟಿಯ ಶಕ್ತಿ. ಬೇರೆ ಕಡೆ ಇದು ಸಿಗಲ್ಲ. ಇವರಿಗೆಲ್ಲ ಒಂದು ಜೋರಾದ ಚಪ್ಪಾಳೆ!"

ಚಪ್ಪಾಳೆ ಬಿತ್ತು. ಮನಸಾರೆ ಹೊಡೆದ ಚಪ್ಪಾಳೆ, ನಿಲ್ಲಲೇ ಇಲ್ಲ. ಬರ್ನಡೀನ್ ಇನ್ನೇನೋ ಹೇಳಬೇಕೆಂದಿದ್ದಳು. ಎರಡು ಸಲ ಬಾಯಿ ತೆರೆದಳು. ನಿಂತವರು ಏನು ಮಾಡಬೇಕೆಂದು ತೋಚದೆ ಒಬ್ಬೊಬ್ಬರೇ ಕುಳಿತರು. ಮುದುಕ ಬಸ್ ಡ್ರೈವರ್ ಮಾತ್ರ ಟೋಪಿ ತೆಗೆದು ನಮಸ್ಕರಿಸಿದ. ಅವನು ಗೇಲಿ ಮಾಡಿದ್ದು ಎಂದು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಕೇಕು ಕತ್ತರಿಸಿದರು.

ಮನೆಗೆ ಟೆಸ್ ಕಾರು ಓಡಿಸಿದಳು.

"ಅಮ್ಮಾ, ನೀನು ಹೋಗು," ಎಂದಳು ಅರ್ಧ ದಾರಿಯಲ್ಲಿ. "ಅಕ್ಟೋಬರಿಗೇ ಹೋಗು."

"ಗಸ್?"

"ನಾನು ರಾತ್ರಿ ಪಾಳಿ ತಗೊತೀನಿ. ರಾತ್ರಿ ಹೊತ್ತು ವೇಡ್ ಮನೇಲಿರ್ತಾನೆ, ಹಗಲು ನಾನು."

"ಮಲಗೋದು ಯಾವಾಗ?"

"ಗಸ್ ಮಲಗಿದಾಗ."

"ಗಸ್ ಮಲಗೋದು ನಾನು ನೋಡಿಲ್ವಾ?"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಟೆಸ್ ಹೇಳಿದಳು: "ಎಷ್ಟೊಂದು ಜನ ಎದ್ದು ನಿಂತ್ರು. ನಾನು ನೀನೊಬ್ಬಳೇ ಅಂದ್ಕೊಂಡಿದ್ದೆ."

ಬರ್ನಡೀನ್ ಅಕ್ಟೋಬರಿನ ಮೊದಲ ವಾರ ಹೊರಟಳು. ಅಂಗಡಿಗೆ ಹೋಗುತ್ತಾಳೆಂದುಕೊಂಡು ಗಸ್ ಖುಷಿಯಿಂದ ಕೈ ಬೀಸಿದ.

ಜಾಕ್ಸನ್ನಿನಲ್ಲಿ ಅವಳು ಸುಖವಾಗಿದ್ದಳು. ಹಾಗಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಕಿಟಕಿಯ ಬಳಿ ಕುಳಿತು ಕಾಫಿ ಕುಡಿದಳು, ಬಿಸಿಯಾಗಿರುವಾಗಲೇ. ಮಧ್ಯಾಹ್ನ ಮಿಲ್ಲಿಯ ಜೊತೆ ಇಸ್ಪೀಟು. ಚರ್ಚಿನ ಹಾಡಿನ ಗುಂಪಿನವರು ಅವಳ ಹಳೆಯ ಜಾಗವನ್ನು ಬಿಟ್ಟುಕೊಟ್ಟರು. ಸೊಂಟದ ನೋವೂ ಇಳಿಯಿತು. ಭಾನುವಾರ ಫೋನಿನಲ್ಲಿ ಟೆಸ್, "ಎಲ್ಲ ಚೆನ್ನಾಗಿ ನಡೀತಿದೆ," ಎನ್ನುತ್ತಿದ್ದಳು. ಅವಳ ದನಿ ನೀರಿನೊಳಗಿಂದ ಬಂದಂತಿರುತ್ತಿತ್ತು. ಬರ್ನಡೀನ್ ಹೆಚ್ಚು ಕೇಳುತ್ತಿರಲಿಲ್ಲ.

ನವೆಂಬರಿನ ಒಂದು ಮಂಗಳವಾರ ಅವಳಿಗೆ ತನ್ನ ಉಣ್ಣೆ ಕೈಗವಸು ಅಲ್ಲೇ ಉಳಿದದ್ದು ನೆನಪಾಗಿ, ಬೆಳಗಿನ ಹೊತ್ತಿನಲ್ಲೇ ಫೋನ್ ಮಾಡಿದಳು. ಎತ್ತಿದ್ದು ಹ್ಯಾಟಿ.

"ಇವತ್ತು ಶಾಲೆ ಇಲ್ವೇನೇ?"

"ಇದೆ."

"ಮತ್ತೆ?"

"ಅಮ್ಮ ಮಲಗಿದಾಳೆ. ಗಸ್ ಎದ್ದಿದಾನೆ."

"ಅಮ್ಮನ್ನ ಎಬ್ಬಿಸು."

"ಎಬ್ಬಿಸಿದ್ರೆ ಅಳ್ತಾಳೆ ಅಜ್ಜಿ. ಮಲಗ್ಲಿ ಬಿಡು. ನಾನು ಮಾಡ್ತೀನಿ, ನನಗೆ ಎಲ್ಲ ಬರುತ್ತೆ."

"ಹೋದ ವಾರ ಶಾಲೆಗೆ ಹೋಗಿದ್ಯಾ?"

ಹಿಂದೆ ಗಸ್ ಯಾವುದೋ ಪಾತ್ರೆ ಬಡಿಯುವ ಸದ್ದು. "ಎರಡು ದಿನ ಹೋಗಿದ್ದೆ," ಎಂದಳು ಹ್ಯಾಟಿ.

ಬರ್ನಡೀನ್ ಬಟ್ಟೆ ತುಂಬಿಕೊಳ್ಳುವಾಗ ಮಿಲ್ಲಿ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಳು.

"ಹೋಗ್ಬೇಡ. ಹೋದ್ರೆ ನೀನು ವಾಪಸ್ ಬರಲ್ಲ."

"ನೋಡ್ಕೊಂಡು ಬರ್ತೀನಿ ಅಷ್ಟೆ."

"ನೋಡ್ಕೊಂಡು ಬರೋದಕ್ಕೆ ಚಳಿಗಾಲದ ಕಂಬಳಿ ಯಾಕೆ?"

ಬರ್ನಡೀನ್ ಕಂಬಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ತಂಗಿಯನ್ನು ದಾಟಿ ಹೊರಟಳು.

ಮಧ್ಯಾಹ್ನ ಅವಳು ಹೋಗಿ ಮುಟ್ಟಿದಾಗ ಹ್ಯಾಟಿ ಬಾಗಿಲು ತೆಗೆದಳು. ಹೆಗಲ ಮೇಲೆ ಒರೆಸುವ ಬಟ್ಟೆ. ಗಸ್‌ನನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು. ಅವನ ಭಾರಕ್ಕೆ ಅವಳ ಮೈ ಒಂದು ಪಕ್ಕಕ್ಕೆ ಬಾಗಿತ್ತು.

"ಶ್! ಅಮ್ಮ ಮಲಗಿದಾಳೆ. ಮೆಕರೋನಿ ಮಾಡಿದೀನಿ, ತಿಂತೀಯಾ?" ಎಂದು ಪಿಸುಗುಟ್ಟಿದಳು. ಆಮೇಲೆ ಅಜ್ಜಿಯ ಕೈಯಲ್ಲಿದ್ದ ಚೀಲ ನೋಡಿ, "ನೀನು ಬರಬಾರ್ದಿತ್ತು. ನಾನು ನೋಡ್ಕೊತಿದ್ದೆ," ಎಂದಳು.

"ಗೊತ್ತು ಪುಟ್ಟಾ. ಕೊಡು ಅವನನ್ನ."

ಹ್ಯಾಟಿ ತಕ್ಷಣ ಕೊಡಲಿಲ್ಲ. ಗಸ್ ತಾನೇ ಅಜ್ಜಿಯ ಕಡೆ ಕೈ ಚಾಚಿದ ಮೇಲೆ ಕೊಟ್ಟಳು.

ಸದ್ದಿಗೆ ಟೆಸ್ ಎದ್ದು ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ. ತಾಯಿಯನ್ನು ನೋಡಿ ಗೋಡೆಗೆ ಒರಗಿದಳು.

"ನಾನು ನಿನ್ನ ಕರೀಲಿಲ್ಲ."

"ಕರೀಲಿಲ್ಲ."

"ಮೊದಲನೇ ದಿನ ನಾನೇ ಹ್ಯಾಟಿಗೆ ಹೇಳ್ದೆ ಅಮ್ಮಾ, ಇವತ್ತೊಂದಿನ ಇರು ಅಂತ. ಕಣ್ಣು ಬಿಡೋಕಾಗ್ತಿರ್ಲಿಲ್ಲ. ಆಮೇಲೆ ಅವಳೇ ಇದ್ಲು." ಟೆಸ್ ಮಗಳ ಕಡೆ ನೋಡದೆ ಹೇಳಿದಳು. "ನಾನು ಬೇಡ ಅನ್ಲಿಲ್ಲ. ಶಾಲೆಯವರು ಫೋನ್ ಮಾಡಿದ್ರೆ ಹುಷಾರಿಲ್ಲ ಅಂದೆ."

ಹ್ಯಾಟಿ ಸಿಂಕಿಗೆ ಹೋಗಿ ನಲ್ಲಿ ತಿರುಗಿಸಿದಳು.

"ಅದನ್ನ ಬಿಡು. ಹೋಗಿ ಆಟ ಆಡು," ಎಂದಳು ಬರ್ನಡೀನ್.

"ಎರಡೇ ತಟ್ಟೆ."

"ಬಿಡು ಅಂದೆ!"

ಹುಡುಗಿ ಬೆಚ್ಚಿ ಕೈ ಒರೆಸಿಕೊಂಡು ಕೋಣೆಗೆ ಹೋದಳು. ಟೆಸ್ ಮೇಜಿನ ಮುಂದೆ ಕುಸಿದಳು.

"ನಾನು ಕೆಲಸ ಬಿಡ್ತೀನಿ."

"ಬಿಟ್ರೆ ಮನೆ?"

"ಹೋಗ್ಲಿ ಮನೆ. ಬ್ಯಾಂಕಿನವರು ತಗೊಳ್ಲಿ."

"ಇದ್ರಲ್ಲಿ ನಿಮ್ಮಪ್ಪನ ಮೂವತ್ತು ವರ್ಷದ ದುಡಿಮೆ ಇದೆ," ಎಂದಳು ಬರ್ನಡೀನ್. "ಹೋಗ್ಲಿ ಅನ್ನೋಕೆ ನನಗೆ ಬಾಯಿ ಬರಲ್ಲ. ನಿನಗೂ ಬರಲ್ಲ."

ವೇಡ್ ಕತ್ತಲಾದ ಮೇಲೆ ಬಂದ. ಅಂಗಳದಲ್ಲಿ ಅತ್ತೆಯ ಕಾರನ್ನು ನೋಡಿ ಹೊರಗೇ ಸ್ವಲ್ಪ ಹೊತ್ತು ನಿಂತಿದ್ದ. ಒಳಗೆ ಬಂದು ಏನೂ ಕೇಳದೆ ಬಿಚ್ಚಿಟ್ಟಿದ್ದ ಅತ್ತೆಯ ಮಂಚವನ್ನು ಹ್ಯಾಟಿಯ ಕೋಣೆಗೆ ಹೊತ್ತು ತಂದು ಜೋಡಿಸಿದ. ಮೊಳೆ ಬಡಿಯುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ಟೆಸ್ ಆಸ್ಪತ್ರೆಗೆ ಫೋನ್ ಮಾಡಿ ಮುಂದಿನ ವಾರದಿಂದ ಹಗಲು ಪಾಳಿ ಕೇಳಿದಳು.

ಮರುದಿನ ಬೆಳಿಗ್ಗೆ ಸಣ್ಣಗೆ ಹಿಮ ಬೀಳುತ್ತಿತ್ತು. ಹ್ಯಾಟಿಯನ್ನು ಬರ್ನಡೀನ್ ತಾನೇ ಕಾರಿನಲ್ಲಿ ಶಾಲೆಗೆ ಕರೆದುಕೊಂಡು ಹೋದಳು. ಹಿಂದಿನ ಸೀಟಿನಲ್ಲಿ ಗಸ್. ಶಾಲೆಯ ಮುಂದೆ ಕಾರು ನಿಂತರೂ ಹ್ಯಾಟಿ ಇಳಿಯಲಿಲ್ಲ.

"ಅವನಿಗೆ ಬಾಳೆಹಣ್ಣು ಕೊಟ್ಟು ಆಮೇಲೆ ಮಲಗಿಸು. ಇಲ್ಲಾಂದ್ರೆ ಮಲಗಲ್ಲ."

"ನನಗೆ ಹೇಳ್ಕೊಡ್ತೀಯಾ?"

"ನೀನು ಇರ್ಲಿಲ್ವಲ್ಲ. ಅವನು ಬದಲಾಗಿದಾನೆ." ಹ್ಯಾಟಿ ಚೀಲದ ಪಟ್ಟಿಯನ್ನು ತಿರುವುತ್ತ ಕುಳಿತಳು. "ನಾಳೆ ನಾನು ಶಾಲೆಗೆ ಬರ್ಬಹುದಾ?"

"ಬರ್ಬಹುದು."

"ನಾಡಿದ್ದು?"

"ನಾಡಿದ್ದೂ."

"ನೀನು ಮತ್ತೆ ಹೋಗೋವರೆಗೂ?"

"ಬೆಲ್ ಹೊಡೀತು ನೋಡು. ಓಡು."

ಹ್ಯಾಟಿ ಇಳಿದು, ಹಿಂದಿನ ಬಾಗಿಲು ತೆರೆದು, ಗಸ್‌ನ ಮೂಗು ಒರೆಸಿ, ಟೋಪಿಯನ್ನು ಕಿವಿಯ ಮೇಲೆ ಎಳೆದಳು. ಗೇಟಿನವರೆಗೂ ದೊಡ್ಡವರಂತೆ ನಿಧಾನವಾಗಿ ನಡೆದಳು. ಅಲ್ಲಿ ಯಾರೋ ಗೆಳತಿ ಅವಳ ಹೆಸರು ಹಿಡಿದು ಕೂಗಿದಳು. ಹ್ಯಾಟಿ ಓಡಿದಳು, ಚೀಲ ಬೆನ್ನ ಮೇಲೆ ಕುಣಿಯುತ್ತಿತ್ತು.

ಬರ್ನಡೀನ್ ಕಾರನ್ನು ಸ್ವಲ್ಪ ಮುಂದೆ ನಿಲ್ಲಿಸಿ ಮಿಲ್ಲಿಗೆ ಫೋನ್ ಮಾಡಿದಳು.

"ಕೆಳಗಿನ ಮನೆ ಬಾಡಿಗೆಗೆ ಕೊಟ್ಟುಬಿಡು."

"ನಿನ್ನ ಸಾಮಾನು?"

"ಬಂದೋರಿಗೆ ಬೇಕಾದ್ದು ಇಟ್ಕೊಳ್ಲಿ."

"ಬರ್ನಿ, ಒಂದು ತಿಂಗಳು ಹಾಗೇ ಇಡ್ತೀನಿ. ಯಾರಿಗೂ ಹೇಳಲ್ಲ."

"ಬೇಡ. ಖಾಲಿ ಇದೆ ಅಂತ ಗೊತ್ತಿದ್ರೆ ನನಗೆ ಇಲ್ಲಿ ಇರೋಕಾಗಲ್ಲ."

ಹಿಂದಿನಿಂದ ಗಸ್ ತನ್ನ ಒಂದು ಷೂ ಎಸೆದ. ಅದು ಮುಂದಿನ ಸೀಟಿಗೆ ಬಂದು ಬಿತ್ತು. ಬರ್ನಡೀನ್ ಫೋನನ್ನು ಕೋಟಿನ ಜೇಬಿಗೆ ಹಾಕಿ, ಸೊಂಟ ಹಿಡಿದುಕೊಂಡು ಇಳಿದು, ಹಿಂದಿನ ಬಾಗಿಲು ತೆರೆದು, ಅವನ ಕಾಲನ್ನು ತನ್ನ ಅಂಗೈಯಲ್ಲಿ ಹಿಡಿದಳು. ಕಾಲು ತಣ್ಣಗಾಗಿತ್ತು. ಬಿಸಿಯಾಗುವವರೆಗೂ ಉಜ್ಜಿ, ಷೂ ಹಾಕಿದಳು.